ಪಾವಿನ ಅಳತೆ, ಗುಂಜಿಯ ತೂಕ

ಕೇಳುಗರಿಗೆ ನಮಸ್ಕಾರ.

ಪುಣೆಯ ಮಾರ್ಕೆಟ್‌ಯಾರ್ಡಿನಲ್ಲಿ ಈಗ ಎಲ್ಲ ಕಡೆ ಎಲೆಕ್ಟ್ರಾನಿಕ್ ಕಾಟಾ. ಆದರೂ ನಮ್ಮ ಮನೆಯ ಅಕ್ಕಿ ಡಬ್ಬಿಯೊಳಗೆ ಇವತ್ತಿಗೂ ಒಂದು ಹಿತ್ತಾಳೆ ಪಾವು ಇದೆ. ನಾನು ವಿಜಯಪುರ ಬಿಟ್ಟು ಇಲ್ಲಿಗೆ ಬರುವಾಗ ಅವ್ವ ಗಂಟಿನಲ್ಲಿ ಕಟ್ಟಿಕೊಟ್ಟದ್ದು. ಪಾವಿಗೆ ಸುಮ್ನೆ ಸುರಿದು ಬೆರಳಿನಿಂದ ಸವರಿದರೆ ಒಂದು ಲೆಕ್ಕ. ಎರಡು ಸಲ ನೆಲಕ್ಕೆ ಕುಟ್ಟಿ ತುಂಬಿದರೆ ಇನ್ನೊಂದು ಲೆಕ್ಕ. ಪಾವು ಅದೇ, ಅಕ್ಕಿ ಮಾತ್ರ ಜಾಸ್ತಿ. ಕಡ ಕೊಡುವಾಗ ಒಂದು ಥರ, ವಾಪಸ್ ಪಡೆಯುವಾಗ ಇನ್ನೊಂದು ಥರ ಅಳೆಯುವವರು ನಮ್ಮ ಓಣಿಯಲ್ಲಿದ್ದರು. ಅವರ ಹೆಸರು ಬೇಡ ಬಿಡಿ.

ಈ ಪಾವು ನನಗೆ ನೆನಪಾದದ್ದು ಅಮೆರಿಕದಲ್ಲಿ, ಅಳಿಯಂದಿರ ಗ್ಯಾರೇಜಿನಲ್ಲಿ. ಅವರಿಗೆ ರೈಫಲ್ ಗುರಿಯ ಹುಚ್ಚು. ಹೊಡೆದು ಉಳಿದ ಹಿತ್ತಾಳೆ ತೋಟಾಗಳನ್ನು ಎತ್ತಿಟ್ಟುಕೊಂಡು, ಕಿಡಿ ಹೊತ್ತಿಸುವ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಹಾಕಿ ಮತ್ತೆ ಬಳಸುತ್ತಾರೆ. ಇದಕ್ಕೆ ರೀಲೋಡಿಂಗ್ ಅನ್ನುತ್ತಾರೆ. ಅಲ್ಲಿ ಇದು ಬಹಳ ಜನರ ಹವ್ಯಾಸ. ನಮ್ಮಲ್ಲಿ ಹಾಗಿಲ್ಲ. ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಆರ್ಮ್ಸ್ ಆಕ್ಟ್ ಪ್ರಕಾರ ಅಪರಾಧ. ಪುಣೆಯಲ್ಲಿ ತೋಟಾ ತುಂಬುವ ಕೆಲಸ ಅಂದರೆ ಖಡಕಿಯ ಫ್ಯಾಕ್ಟರಿಯದು, 1869ರಿಂದ. ಬಾಲೇವಾಡಿಯ ಶೂಟಿಂಗ್ ರೇಂಜಿನಲ್ಲಿ ಅಭ್ಯಾಸ ಮಾಡುವ ನಮ್ಮ ಹುಡುಗರಿಗೂ ಈ ಉಸಾಬರಿ ಇಲ್ಲ. ಏರ್ ರೈಫಲ್ಲಿಗೆ ಮದ್ದೇ ಬೇಡ. ಪಾಯಿಂಟ್ ಟೂ ಟೂ ರೈಫಲ್ಲಿನ ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ತಳದ ಅಂಚಿನೊಳಗೇ ಇರುತ್ತದೆ. ಒಮ್ಮೆ ಹೊಡೆದರೆ ಅಂಚು ಜಜ್ಜಿಹೋಯಿತು, ಅದನ್ನು ಮತ್ತೆ ತುಂಬಲು ಬರುವುದಿಲ್ಲ.

ನಾನು ಭೋಸರಿಯ ಒಂದು ಕಾರ್ಖಾನೆಯ ಗೇಜ್ ರೂಮಿನಲ್ಲಿ ಮೂವತ್ತು ವರ್ಷ ಮೈಕ್ರೋಮೀಟರ್ ಹಿಡಿದವನು. ಅಳಿಯಂದಿರು ಹೊಸ ಪೌಡರ್ ಮೆಷರ್ ತಂದಾಗ, “ಮಾವ, ಇದನ್ನು ನೀವೇ ಸೆಟ್ ಮಾಡಿಕೊಡಿ” ಅಂದರು. ನನಗೂ ಸ್ವಲ್ಪ ಜಂಬ ಬಂತು.

ಯಂತ್ರ ಸರಳ. ಮೇಲೆ ಮದ್ದು ತುಂಬುವ ಉದ್ದನೆಯ ಪಾತ್ರೆ. ಕೆಳಗೆ ಒಂದು ಉರುಳೆ. ಉರುಳೆಯಲ್ಲಿ ಒಂದು ಗುಳಿ. ಹಿಡಿಕೆ ಎತ್ತಿದರೆ ಗುಳಿಗೆ ಮದ್ದು ತುಂಬುತ್ತದೆ, ಇಳಿಸಿದರೆ ಕೆಳಗಿನ ಕೊಳವೆಯಿಂದ ತೋಟಾಕ್ಕೆ ಬೀಳುತ್ತದೆ. ಗುಳಿ ಎಷ್ಟು ಆಳ ಇರಬೇಕು ಅನ್ನುವುದಕ್ಕೆ ಒಂದು ಸ್ಕ್ರೂ. ಅಂದರೆ ಇದೂ ಪಾವೇ! ಅಳೆಯುವುದು ಜಾಗವನ್ನು. ಆದರೆ ರೀಲೋಡಿಂಗ್ ಪುಸ್ತಕದಲ್ಲಿ ಕೊಟ್ಟಿರುವುದು ತೂಕ, ಅದೂ ಗ್ರೇನ್ ಲೆಕ್ಕದಲ್ಲಿ.

ಒಂದು ಪೌಂಡಿಗೆ 7000 ಗ್ರೇನ್. ಒಂದು ಗ್ರೇನ್ ಅಂದರೆ ಹತ್ತಿರ ಹತ್ತಿರ 65 ಮಿಲಿಗ್ರಾಂ. ಇದೇನೋ ವಿದೇಶಿ ಲೆಕ್ಕ ಅನ್ನಬೇಡಿ. ಬ್ರಿಟಿಷರ ಕಾಲದ ನಮ್ಮ ತೊಲ 180 ಗ್ರೇನ್ ಇತ್ತು, ಆಗಿನ ಬೆಳ್ಳಿ ರೂಪಾಯಿಯೂ ಅಷ್ಟೇ ತೂಕ. ಲಕ್ಷ್ಮಿ ರಸ್ತೆಯ ಹಳೇ ಸರಾಫರ ಲೆಕ್ಕದಲ್ಲಿ ತೊಲಕ್ಕೆ 12 ಮಾಸೆ, ಮಾಸೆಗೆ 8 ಗುಂಜಿ. ಭಾಗಿಸಿ ನೋಡಿದರೆ ಒಂದು ಗುಲಗಂಜಿ ಎರಡು ಗ್ರೇನಿಗೆ ಕೊಂಚ ಕಡಿಮೆ. ಮದ್ದು ತೂಗುವ ತಕ್ಕಡಿ ಗ್ರೇನಿನ ಹತ್ತನೇ ಒಂದು ಪಾಲನ್ನು ತೋರಿಸಬೇಕು. ಗುಲಗಂಜಿಯನ್ನು ಹೆಚ್ಚುಕಡಿಮೆ ಹತ್ತೊಂಬತ್ತು ಚೂರು ಮಾಡಿ, ಅದರಲ್ಲಿ ಒಂದು ಚೂರು ತೂಗಿದ ಹಾಗೆ.

ಹೊಸ ಯಂತ್ರಕ್ಕೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿರುತ್ತಾರೆ. ಅದನ್ನು ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಮದ್ದು ಅಂಟಿಕೊಳ್ಳುತ್ತದೆ. ಒಣಗಿದ ಮೇಲೂ ಪ್ಲಾಸ್ಟಿಕ್ ಪಾತ್ರೆಗೆ ಕಣಗಳು ಅಂಟುತ್ತವೆ, ನೈಲಾನ್ ಸೀರೆಗೆ ಹತ್ತಿ ಅಂಟುತ್ತದಲ್ಲ, ಹಾಗೆ. ಮೊದಲು ಒಂದು ಪಾತ್ರೆಯಷ್ಟು ಮದ್ದನ್ನು ಹಾಗೇ ಯಂತ್ರದಲ್ಲಿ ಓಡಿಸಿ ವಾಪಸ್ ಡಬ್ಬಿಗೆ ಸುರಿಯಬೇಕು. ಮದ್ದಿನ ಮೇಲಿರುವ ಗ್ರಾಫೈಟ್ ಒಳಗೆಲ್ಲ ಸವರಿಕೊಂಡು ಅಂಟುವುದು ಕಡಿಮೆಯಾಗುತ್ತದೆ.

ತಕ್ಕಡಿಯನ್ನು ಸೊನ್ನೆಗೆ ತಂದು, ತೂಕದ ಬಟ್ಟು ಇಟ್ಟು ಪರೀಕ್ಷಿಸಿದೆ. ಫ್ಯಾನ್ ನಿಲ್ಲಿಸಿದೆ. ಸ್ಕ್ರೂ ಕಡಿಮೆ ಕಡೆಯಿಂದ ಹೆಚ್ಚಿನ ಕಡೆಗೆ ತಿರುಗಿಸುತ್ತಾ ಹೋದೆ. ಪುಸ್ತಕದಲ್ಲಿ ಆರಂಭದ ತೂಕ ಒಂದು, ಗರಿಷ್ಠ ತೂಕ ಒಂದು ಇರುತ್ತದೆ. ಹೊಸಬರು ಆರಂಭದ ತೂಕ ದಾಟಿ ಶುರು ಮಾಡಬಾರದು. ಬೇಕಾದ ತೂಕ ಬಂತು. ಸ್ಕ್ರೂ ಬಿಗಿ ಮಾಡಿದೆ. “ನೋಡ್ರಿ, ಆಯ್ತು” ಅಂದೆ.

ಆಗಿರಲಿಲ್ಲ. ಹತ್ತು ಸಲ ಹಾಕಿ ತೂಗಿದರೆ ಮೊದಲ ನಾಲ್ಕು ಸರಿ, ಐದನೆಯದರಿಂದ ತೂಕ ಏರತೊಡಗಿತು. ಸ್ಕ್ರೂ ಸಡಿಲವಾಯಿತೇ? ಇಲ್ಲ. ತಕ್ಕಡಿ ಸೊನ್ನೆ ಬಿಟ್ಟಿತೇ? ಅದೂ ಇಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡೆ. ಅಷ್ಟರಲ್ಲಿ ಪಕ್ಕದಲ್ಲಿ ದಡಕ್ ಅಂದಿತು. ಅದೇ ಮೇಜಿಗೆ ಇನ್ನೊಂದು ಪ್ರೆಸ್ ಹಾಕಿತ್ತು. ಅಳಿಯಂದಿರು ಅದರಲ್ಲಿ ಖಾಲಿ ತೋಟಾಗಳ ಆಕಾರ ಸರಿಪಡಿಸುತ್ತಿದ್ದರು. ಅವರು ಹಿಡಿಕೆ ಒತ್ತಿದಾಗೆಲ್ಲ ಮೇಜು ಅದುರುತ್ತಿತ್ತು, ಪಾತ್ರೆಯಲ್ಲಿದ್ದ ಮದ್ದು ಕುಸಿದು ಗಟ್ಟಿಯಾಗುತ್ತಿತ್ತು. ಅವ್ವ ಪಾವು ನೆಲಕ್ಕೆ ಕುಟ್ಟಿದ ಹಾಗೇ! ಮೂವತ್ತು ವರ್ಷದ ಗೇಜ್ ರೂಮಿಗಿಂತ ಅಡುಗೆಮನೆ ಮೊದಲು ನೆನಪಾಗಬೇಕಿತ್ತು.

ಮೆಷರನ್ನು ಬೇರೆ ಗಟ್ಟಿ ಮೇಜಿಗೆ ಬಿಗಿದೆವು. ಪಾತ್ರೆಯೊಳಗೆ ಒಂದು ಅಡ್ಡ ತಗಡು ಕೂರಿಸಿದೆವು. ಮೇಲಿನ ಮದ್ದಿನ ಭಾರವೆಲ್ಲ ಗುಳಿಯ ಮೇಲೆ ಬೀಳದಂತೆ ಅದು ತಡೆಯುತ್ತದೆ. ಪಾತ್ರೆ ಅರ್ಧಕ್ಕಿಂತ ಕೆಳಗಿಳಿಯಲು ಬಿಡಲಿಲ್ಲ. ಇನ್ನು ಉಳಿದದ್ದು ಕೈ. ಹಿಡಿಕೆಯನ್ನು ಒಂದು ಸಲ ಮೆಲ್ಲಗೆ, ಇನ್ನೊಂದು ಸಲ ಜೋರಾಗಿ ಎತ್ತಿದರೆ ತೂಕ ಬದಲಾಗುತ್ತದೆ. ರೊಟ್ಟಿ ಬಡಿಯುವ ಹಾಗೆ ಒಂದೇ ಲಯ ಬೇಕು. ದುಂಡು ಕಣದ ಮದ್ದು ಸಾಸಿವೆಯಂತೆ ಇಳಿಯುತ್ತದೆ, ಇದೆಲ್ಲ ಸುಲಭ. ಕಡ್ಡಿ ಕಡ್ಡಿಯಾಗಿರುವ ಮದ್ದು ಉರುಳೆಯ ಅಂಚಿಗೆ ಸಿಕ್ಕಿ ಕಟ್ ಕಟ್ ಎಂದು ತುಂಡಾಗುತ್ತದೆ, ತೂಕ ಹೆಚ್ಚುಕಡಿಮೆ ಆಗುತ್ತದೆ. ಅಂಥದ್ದನ್ನು ಅಳಿಯಂದಿರು ಸ್ವಲ್ಪ ಕಡಿಮೆ ಹಾಕಿ, ತಕ್ಕಡಿಯ ಮೇಲೆ ಚಿಟಿಕೆಯಿಂದ ಪೂರ್ತಿ ಮಾಡುತ್ತಾರೆ.

ನಿಜವಾಗಿ ನನಗೆ ಭಯವಾದದ್ದು ಈ ಸಣ್ಣ ಏರುಪೇರಿಗಲ್ಲ. ಪಿಸ್ತೂಲಿನ ಕೆಲವು ತೋಟಾಗಳಿಗೆ ಮದ್ದು ಎಷ್ಟು ಕಡಿಮೆ ಅಂದರೆ, ಮರೆತು ಎರಡು ಸಲ ಹಾಕಿದರೂ ಉಕ್ಕಿ ಹೊರಗೆ ಬರುವುದಿಲ್ಲ. ಹಾಗೆ ಹೊಡೆದರೆ ಬಂದೂಕೇ ಸಿಡಿಯಬಹುದು. ಹಾಕದೇ ಬಿಟ್ಟರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಮುಂದಿನದು ಅದಕ್ಕೆ ಹೋಗಿ ಬಡಿಯುತ್ತದೆ. ಅದಕ್ಕೇ ತೋಟಾಗಳನ್ನು ತೂತಿನ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮುಂಚೆ ಪ್ರತಿಯೊಂದರೊಳಗೆ ಬ್ಯಾಟರಿ ಬಿಟ್ಟು ನೋಡುತ್ತಾರೆ. ಆ ಹೊತ್ತಿನಲ್ಲಿ ಫೋನ್ ಬಂದರೂ ಎತ್ತುವುದಿಲ್ಲ. ನಾನು ಚಹಾ ಬೇಕಾ ಅಂತ ಕೇಳಿದ್ದಕ್ಕೂ ಉತ್ತರ ಬರಲಿಲ್ಲ.

ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ. ಕೆಲಸ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ಅದೇ ಡಬ್ಬಿಗೆ ಸುರಿದರು. ರಾತ್ರಿಯೆಲ್ಲ ಬಿಟ್ಟರೆ ನಾಳೆ ಯಾವ ಮದ್ದು ಅನ್ನುವುದೇ ಗೊತ್ತಾಗುವುದಿಲ್ಲ. ಖಾಲಿಯಾಯಿತು ಅಂದುಕೊಂಡು ನಾನು ಎದ್ದೆ. “ತಡೀರಿ ಮಾವ” ಅಂತ ಅವರು ಹಿಡಿಕೆಯನ್ನು ಇನ್ನೆರಡು ಸಲ ಆಡಿಸಿದರು. ಉರುಳೆಯ ಸಂದಿಯಿಂದ ಹತ್ತಿಪ್ಪತ್ತು ಕಣ ತಟ್ಟೆಗೆ ಬಿತ್ತು. ಅದನ್ನೂ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿದರು. ಗುಂಡು ಮುಟ್ಟಿದ ಕೈಗೆ ಸೀಸ ಇರುತ್ತದೆ ಅಂತ ಇಬ್ಬರೂ ಸಾಬೂನು ಹಚ್ಚಿ ತೊಳೆದು ಊಟಕ್ಕೆ ಕೂತೆವು. ಆ ದಿನ ಅಕ್ಕಿ ಅಳೆದದ್ದು ಮಗಳು, ಒಂದು ಸ್ಟೀಲ್ ಲೋಟದಲ್ಲಿ.