ವರದಿಯಲ್ಲಿನ ಸೊನ್ನೆ

ನಮಸ್ಕಾರ. ವೀರ್ಯ ಪರೀಕ್ಷೆಯ ವರದಿಯಲ್ಲಿ ವೀರ್ಯಾಣುಗಳ ಸಂಖ್ಯೆಯ ಎದುರು ಸೊನ್ನೆ ಎಂದು ಬರೆದಿರುವುದನ್ನು ಓದಿದ ಗಂಡಸು ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಹೆಂಡತಿಗೆ ಏನು ಹೇಳಲಿ ಎಂಬುದು ಅವನ ಮೊದಲ ಚಿಂತೆ. ಈ ಸೊನ್ನೆ ಏಕೆ ಬಂತು ಎಂಬ ಪ್ರಶ್ನೆ ಏಳುವುದು ಎಷ್ಟೋ ದಿನಗಳ ನಂತರ. ಕೆಲವರ ಪಾಲಿಗೆ ಅದು ಏಳುವುದೇ ಇಲ್ಲ. ಇಂದು ನಾನು ಮಾತನಾಡಬೇಕೆಂದಿರುವುದು ಆ ಎರಡನೆಯ ಪ್ರಶ್ನೆಯ ಬಗ್ಗೆ.

ವೀರ್ಯದಲ್ಲಿ ಒಂದೂ ವೀರ್ಯಾಣು ಕಾಣದಿರುವ ಸ್ಥಿತಿಯನ್ನು ವೈದ್ಯರು ಅಜೂಸ್ಪರ್ಮಿಯಾ ಎನ್ನುತ್ತಾರೆ. ನೂರು ಗಂಡಸರಲ್ಲಿ ಸುಮಾರು ಒಬ್ಬರಿಗೆ ಇದು ಇರುತ್ತದೆ. ಮಕ್ಕಳಾಗಲಿಲ್ಲವೆಂದು ಪರೀಕ್ಷೆಗೆ ಬರುವ ಗಂಡಸರಲ್ಲಿ ಈ ಪ್ರಮಾಣ ಶೇಕಡಾ 10ರಿಂದ 15. ಜ್ವರ ಹೇಗೆ ತಾನೇ ಒಂದು ಕಾಯಿಲೆಯಲ್ಲವೋ ಹಾಗೆಯೇ ಇದೂ ಕೂಡ. ಯಾವುದೋ ಕಾರಣದ ಲಕ್ಷಣವಷ್ಟೆ. ಆ ಕಾರಣವನ್ನು ಹುಡುಕದೆ ಮುಂದಿನ ಹೆಜ್ಜೆ ಇಡುವುದು ತಪ್ಪು ಎಂಬುದು ನನ್ನ ವಾದ.

ಮೊದಲು ಒಂದು ತಪ್ಪುಕಲ್ಪನೆಯನ್ನು ಬದಿಗಿಡೋಣ. ವೀರ್ಯದ ಬಹುಪಾಲು ದ್ರವ ವೀರ್ಯಕೋಶಗಳೆಂಬ ಗ್ರಂಥಿಗಳಿಂದ ಮತ್ತು ಪ್ರಾಸ್ಟೇಟ್ ಗ್ರಂಥಿಯಿಂದ ಬರುತ್ತದೆ; ವೀರ್ಯಾಣುಗಳ ಪಾಲು ಅದರಲ್ಲಿ ತೀರಾ ಅತ್ಯಲ್ಪ. ಹೀಗಾಗಿ ಒಂದೂ ವೀರ್ಯಾಣು ಇಲ್ಲದ ವೀರ್ಯ ನೋಟಕ್ಕೆ ಬೇರೆಯಾಗಿ ಕಾಣಬೇಕೆಂದಿಲ್ಲ. ಕಾಮಾಸಕ್ತಿಗೆ ಬೇಕಾದ ಟೆಸ್ಟೋಸ್ಟಿರೋನ್ ತಯಾರಿಸುವ ಜೀವಕೋಶಗಳೂ, ವೀರ್ಯಾಣುಗಳು ಹುಟ್ಟುವ ಸಣ್ಣ ಕೊಳವೆಗಳೂ ವೃಷಣದೊಳಗೆ ಬೇರೆ ಬೇರೆ. "ನನಗೆ ಎಲ್ಲವೂ ಸರಿಯಾಗಿದೆ, ಪರೀಕ್ಷೆ ಏಕೆ?" ಎನ್ನುವ ಗಂಡಸು ಸುಳ್ಳು ಹೇಳುತ್ತಿಲ್ಲ, ಆದರೆ ಅವನು ಹೇಳುತ್ತಿರುವುದು ಬೇರೆ ವಿಷಯ. ಅವನು ಹಾಗೆನ್ನುತ್ತಿರುವಷ್ಟರಲ್ಲಿ ಹೆಂಡತಿಯ ಸ್ಕ್ಯಾನ್, ರಕ್ತಪರೀಕ್ಷೆ, ಗರ್ಭನಾಳದ ಪರೀಕ್ಷೆ ಎಲ್ಲವೂ ಮುಗಿದಿರುತ್ತವೆ. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಇನ್ನು ವರದಿಯ ಮಾತು. ಒಂದೇ ಒಂದು ವರದಿಯನ್ನು ನಂಬಬಾರದು. ಕೆಲವು ವಾರಗಳ ಅಂತರದಲ್ಲಿ ಎರಡು ಮಾದರಿಗಳನ್ನು ಕೊಟ್ಟು, ಪ್ರತಿಯೊಂದನ್ನೂ ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ತಳದಲ್ಲಿ ಕೂತ ಗಸಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಸೊನ್ನೆ ಎನ್ನಬೇಕು. ಆ ಗಸಿಯಲ್ಲಿ ನಾಲ್ಕೈದು ವೀರ್ಯಾಣುಗಳು ಸಿಕ್ಕಿದರೂ ದಾರಿಯೇ ಬದಲಾಗುತ್ತದೆ.

ಸೊನ್ನೆ ಖಚಿತವಾದರೆ ಕೇಳಬೇಕಾದದ್ದು, ವೀರ್ಯಾಣು ಹುಟ್ಟುತ್ತಿದ್ದರೂ ಹೊರಬರುತ್ತಿಲ್ಲವೇ, ಅಥವಾ ಹುಟ್ಟುತ್ತಲೇ ಇಲ್ಲವೇ ಎಂದು. ಹಿಂದಿನ ಸೋಂಕು, ಹರ್ನಿಯಾ ಶಸ್ತ್ರಚಿಕಿತ್ಸೆಯಲ್ಲಿ ಆದ ಗಾಯ, ವ್ಯಾಸೆಕ್ಟಮಿ, ಇಲ್ಲವೇ ಹುಟ್ಟಿನಿಂದಲೇ ವೀರ್ಯನಾಳ ಇಲ್ಲದಿರುವುದು ಮೊದಲನೆಯ ಗುಂಪಿನ ಕಾರಣಗಳು. ಇವುಗಳಲ್ಲಿ ವೃಷಣದ ಗಾತ್ರ ಮತ್ತು ವೀರ್ಯಾಣು ತಯಾರಿಸಲು ವೃಷಣಕ್ಕೆ ಸಂಕೇತ ಕೊಡುವ ಎಫ್‌ಎಸ್‌ಎಚ್ ಎಂಬ ಹಾರ್ಮೋನಿನ ರಕ್ತದಲ್ಲಿನ ಮಟ್ಟ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ವೀರ್ಯನಾಳ ಇದೆಯೋ ಇಲ್ಲವೋ ಎಂಬುದು ನುರಿತ ವೈದ್ಯರ ಬೆರಳಿಗೇ ತಿಳಿಯುತ್ತದೆ. ಪರೀಕ್ಷೆಯ ಮೇಜಿನ ಮೇಲೆ ಮಲಗಿಸಿ ನೋಡದೆ, ಬರೀ ಕಾಗದ ನೋಡಿ ಚಿಕಿತ್ಸೆ ಬರೆಯುವ ಅಭ್ಯಾಸದ ಮೇಲೆ ನನಗೆ ಸಿಟ್ಟಿರುವುದು ಇದಕ್ಕೇ.

ಎರಡನೆಯ ಗುಂಪು ಹೆಚ್ಚು ತೊಡಕಿನದು. ಬಾಲ್ಯದಲ್ಲಿ ವೃಷಣ ಕೆಳಗಿಳಿಯದಿರುವುದು, ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ವೃಷಣಕ್ಕೆ ತಗುಲಿರುವುದು, ಕ್ಯಾನ್ಸರ್ ಚಿಕಿತ್ಸೆ, ಒಂದು ಎಕ್ಸ್ ವರ್ಣತಂತು ಹೆಚ್ಚಾಗಿರುವ ಕ್ಲೈನ್‌ಫೆಲ್ಟರ್ ಸಿಂಡ್ರೋಮ್, ವೈ ವರ್ಣತಂತುವಿನ ತುಣುಕೊಂದು ಕಳೆದುಹೋಗಿರುವುದು, ಹೀಗೆ ಕಾರಣಗಳು ಹಲವು. ವೈ ವರ್ಣತಂತುವಿನ ಪರೀಕ್ಷೆಯನ್ನು ದುಬಾರಿ ಶೋಕಿ ಎಂದುಕೊಳ್ಳಬೇಡಿ. ಆ ವರ್ಣತಂತುವಿನಲ್ಲಿ ವೀರ್ಯಾಣು ಉತ್ಪತ್ತಿಗೆ ಬೇಕಾದ ಎ, ಬಿ, ಸಿ ಎಂಬ ಭಾಗಗಳಿವೆ; ಎ ಅಥವಾ ಬಿ ಭಾಗ ಪೂರ್ತಿಯಾಗಿ ಕಳೆದಿದ್ದರೆ ವೃಷಣದಲ್ಲಿ ವೀರ್ಯಾಣು ಸಿಗುವ ಆಸೆ ಇಲ್ಲವೆಂದೇ ಹೇಳಬಹುದು, ಅದನ್ನು ಹುಡುಕುವ ಶಸ್ತ್ರಚಿಕಿತ್ಸೆಯನ್ನೇ ಕೈಬಿಡಬಹುದು. ಸಿ ಭಾಗ ಮಾತ್ರ ಕಳೆದಿದ್ದರೆ ಅನೇಕರಲ್ಲಿ ಸಿಗುತ್ತದೆ, ಆದರೆ ಹುಟ್ಟುವ ಗಂಡುಮಗುವಿಗೆ ಅದೇ ಕೊರತೆ ದಾಟುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತರಿಸುವುದು ಟೆಸ್ಟೋಸ್ಟಿರೋನ್ ಚುಚ್ಚುಮದ್ದಿನ ಕಥೆ. ಗಂಡಸುತನದ ಹಾರ್ಮೋನು ಹೆಚ್ಚಿದರೆ ವೀರ್ಯಾಣುವೂ ಹೆಚ್ಚೀತು ಎಂಬ ಲೆಕ್ಕ ಮೇಲ್ನೋಟಕ್ಕೆ ಸರಿಯೆನಿಸುತ್ತದೆ, ನಡೆಯುವುದು ತದ್ವಿರುದ್ಧ. ಹೊರಗಿನಿಂದ ಹಾರ್ಮೋನು ಸಿಕ್ಕಿತೆಂದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಸಂಕೇತ ಕಳುಹಿಸುವುದನ್ನು ನಿಲ್ಲಿಸುತ್ತದೆ, ವೃಷಣದೊಳಗಿನ ಉತ್ಪತ್ತಿ ಕುಸಿಯುತ್ತದೆ, ಕೊನೆಗೆ ವೀರ್ಯಾಣು ಇದ್ದವನಿಗೂ ಸೊನ್ನೆ ಬರಬಹುದು. ಮೈಕಟ್ಟಿಗಾಗಿ ಸ್ಟೀರಾಯ್ಡ್ ತೆಗೆದುಕೊಳ್ಳುವ ಯುವಕರಲ್ಲಿ ಆಗುವುದೂ ಇದೇ. ನಿಲ್ಲಿಸಿದರೆ ಬಹಳಷ್ಟು ಮಂದಿಯಲ್ಲಿ ಉತ್ಪತ್ತಿ ಮರಳುತ್ತದೆ, ಆದರೆ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕಾದ್ದರಿಂದ ಕಾಯುವಿಕೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ದಾಟಿ ಸಾಗುತ್ತದೆ. ವಿಚಿತ್ರವೆಂದರೆ, ಪಿಟ್ಯುಟರಿಯ ಸಂಕೇತವೇ ಇಲ್ಲದ ಒಂದು ಸಣ್ಣ ಗುಂಪಿಗೆ ನಿಜವಾಗಿಯೂ ಚುಚ್ಚುಮದ್ದಿನಿಂದ ವೀರ್ಯಾಣು ಬರುತ್ತದೆ. ಆ ಮದ್ದು ಟೆಸ್ಟೋಸ್ಟಿರೋನ್ ಅಲ್ಲ, ವೃಷಣವನ್ನು ಎಚ್ಚರಿಸುವ ಬೇರೆ ಹಾರ್ಮೋನುಗಳು.

1992ರಲ್ಲಿ ಬ್ರಸೆಲ್ಸ್‌ನ ವೈದ್ಯರು ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಗೆ ಚುಚ್ಚುವ ಇಕ್ಸಿ ವಿಧಾನದಿಂದ ಗರ್ಭಧಾರಣೆಯಾದದ್ದನ್ನು ವರದಿ ಮಾಡಿದರು. ಅಂದಿನಿಂದ ವೃಷಣದಲ್ಲಿ ಸಿಗುವ ಕೆಲವೇ ವೀರ್ಯಾಣುಗಳಿಗೂ ಬೆಲೆ ಬಂದಿತು. ಉತ್ಪತ್ತಿಯೇ ಕುಂದಿರುವವರಲ್ಲಿ ಸೂಕ್ಷ್ಮದರ್ಶಕದಡಿ ವೃಷಣವನ್ನು ಬಿಡಿಸಿ ಹುಡುಕುವ ಮೈಕ್ರೋ ಟೆಸೆ ಶಸ್ತ್ರಚಿಕಿತ್ಸೆಯಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ವೀರ್ಯಾಣು ಸಿಗುತ್ತದೆ. ಅಂದರೆ ಉಳಿದರ್ಧ ಮಂದಿಗೆ ಸಿಗುವುದಿಲ್ಲ, ಮತ್ತು ಸಿಕ್ಕಿದವರೆಲ್ಲರಿಗೂ ಮಗುವಾಗುವುದಿಲ್ಲ. ಜಾಹೀರಾತುಗಳು ಈ ಎರಡನೆಯ ವಾಕ್ಯವನ್ನು ನುಂಗಿಬಿಡುತ್ತವೆ.

ಕೆಲವೊಮ್ಮೆ ಈ ಶಸ್ತ್ರಚಿಕಿತ್ಸೆಯ ದಿನವೇ ಹೆಂಡತಿಯ ಅಂಡಾಣುಗಳನ್ನೂ ಹೊರತೆಗೆಯುವ ಏರ್ಪಾಡಿರುತ್ತದೆ. ಆ ದಿನ ವೀರ್ಯಾಣು ಸಿಗದಿದ್ದರೆ ಅಂಡಾಣುಗಳನ್ನು ಶೈತ್ಯೀಕರಿಸಿ ಇಡಬೇಕೇ, ದಾನಿಯ ವೀರ್ಯಾಣು ಬಳಸಬೇಕೇ, ಅಲ್ಲಿಗೇ ನಿಲ್ಲಿಸಬೇಕೇ ಎಂಬುದನ್ನು ಗಂಡ ಹೆಂಡತಿ ವಾರಗಳ ಮೊದಲೇ ಮಾತನಾಡಿಕೊಂಡಿರಬೇಕು. ಅರಿವಳಿಕೆಯ ಮಂಪರು ಇನ್ನೂ ಇಳಿಯದ ಇಬ್ಬರ ಮುಂದೆ ಒಪ್ಪಿಗೆ ಪತ್ರ ಹಿಡಿದು ನಿಲ್ಲುವ ಹೊತ್ತು ಅದಕ್ಕಲ್ಲ.