ಬಸುರಿ ಮನೆಯ ಲೆಕ್ಕದ ಪುಸ್ತಕ

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿ ಈಗ ಒಂದು ಪುಸ್ತಕ ಇದೆ. ದೊಡ್ಡದೇನಲ್ಲ, ಶಾಲೆ ಮಕ್ಕಳ ನೂರು ಪುಟದ ನೋಟ್‌ಬುಕ್. ರಟ್ಟಿನ ಮೇಲೆ ಎಣ್ಣೆ ಕಲೆ. ಮೊದಲ ಪುಟದಲ್ಲಿ 2020 ಏಪ್ರಿಲ್ 1 ಅಂತ ಬರೆದಿದ್ದೇನೆ. ಆಗ ನನಗೆ ನಾಲ್ಕು ತುಂಬಿ ಐದರಲ್ಲಿ ಬಿದ್ದಿತ್ತು. ನಮ್ಮ ಮನೆಯವರು ದಾವಣಗೆರೆಯಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಸಂಬಳ 14,000, ಮನೆ ಬಾಡಿಗೆ 4,500. ಮಾರ್ಚ್ 25ಕ್ಕೆ ದೇಶಕ್ಕೆಲ್ಲ ಲಾಕ್‌ಡೌನ್ ಆಯ್ತು, ಅಂಗಡಿ ಶಟರ್ ಎಳೆದರು. ಮದುವೆ ಸೀಸನ್ನಿನ ವ್ಯಾಪಾರ ಪೂರ್ತಿ ಕೈತಪ್ಪಿತು. ಏಪ್ರಿಲ್ ಸಂಬಳ ಬರಲೇ ಇಲ್ಲ. ಮೇ ತಿಂಗಳದ್ದು ಅರ್ಧ ಬಂತು. ಹೊಟ್ಟೆಯಲ್ಲಿದ್ದ ಕೂಸಿಗೆ ಲಾಕ್‌ಡೌನ್ ಏನು ಗೊತ್ತು? ಅದು ಬೆಳೆಯುತ್ತಲೇ ಇತ್ತು.

ಈಗ ನಾನು ನಮ್ಮ ಓಣಿಯ ಮಹಿಳಾ ಸಂಘದ ಲೆಕ್ಕ ಬರೆಯುತ್ತೇನೆ, ಮನೆಯಲ್ಲಿ ಹೊಲಿಗೆ ಹಾಕುತ್ತೇನೆ. ವರ್ಷಕ್ಕೆ ಇಬ್ಬರು ಮೂವರು ಹುಡುಗಿಯರು ಬ್ಲೌಸ್ ಸಡಿಲ ಮಾಡಿಸಲು ಬಂದು ಮೆಲ್ಲಗೆ ಕೇಳುತ್ತಾರೆ, "ಅಕ್ಕಾ, ಹೆರಿಗೆಗೆ ಎಷ್ಟು ದುಡ್ಡು ಇಟ್ಕೊಂಡಿರಬೇಕು?" ನಾನು ಈ ಪುಸ್ತಕ ತೆಗೆದು ಕೊಡುತ್ತೇನೆ. ಇಂದು ನಿಮಗೂ ಒಂದಷ್ಟು ಪುಟ ಓದುತ್ತೇನೆ.

ಎಡಗಡೆ ಪುಟಕ್ಕೆ 'ಬೇಕೇ ಬೇಕು', ಬಲಗಡೆಗೆ 'ಆದರೆ ಆಯ್ತು' ಅಂತ ಹೆಸರಿಟ್ಟಿದ್ದೆ. ಬಾಡಿಗೆ, ಗ್ಯಾಸ್, ಅಕ್ಕಿ, ಬೇಳೆ, ಹಾಲು, ಇದ್ದ ಚೀಟಿಯ ಕಂತು ಎಡಕ್ಕೆ. ಹೊಸ ತೊಟ್ಟಿಲು, ಫ್ಯಾನು, ಫೋನಿನ ದೊಡ್ಡ ರೀಚಾರ್ಜು ಬಲಕ್ಕೆ. ಹೋಟೆಲುಗಳಲ್ಲಿ ಪಾರ್ಸೆಲ್ ಸಿಗತೊಡಗಿದಾಗ ನನಗೆ ಬೆಣ್ಣೆ ದೋಸೆ ತಿನ್ನಲೇಬೇಕು ಅನ್ನಿಸಿತು. ದಾವಣಗೆರೆಯಲ್ಲಿರುವ ಬಸುರಿಗೆ ಆ ಬಯಕೆ ಬರದೇ ಇರುತ್ತಾ? ಇವರು ಹೋಗಿ ಎರಡು ತಂದರು. ರಾತ್ರಿ ಅದನ್ನು ಬಲಗಡೆ ಬರೆದರು. ನಾನು ಗೀಟು ಹೊಡೆದು ಎಡಗಡೆ ಬರೆದೆ. ಸಣ್ಣ ಜಗಳವೇ ಆಯ್ತು. ಆ ಜಗಳದಲ್ಲೇ ಇವರು ಬಾಯಿಬಿಟ್ಟಿದ್ದು, ಗೆಳೆಯರೊಬ್ಬರ ಹತ್ತಿರ ಮದುವೆ ಕಾಲದ 12,000 ಕೈಗಡ ಇನ್ನೂ ಬಾಕಿ ಇದೆ ಅಂತ. ಎರಡು ವರ್ಷ ಸಂಸಾರ ಮಾಡಿದ್ದೆ, ನನಗೆ ಗೊತ್ತೇ ಇರಲಿಲ್ಲ. ಹಾಗಾಗಿ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇಷ್ಟೇ: ಗಂಡನನ್ನು ಪಕ್ಕ ಕೂರಿಸಿಕೊಂಡು ಬರೆಯಿರಿ. ಒಬ್ಬರೇ ಬರೆದ ಲೆಕ್ಕದಲ್ಲಿ ಕೈಗಡ ಬರುವುದಿಲ್ಲ.

ಬಾಡಿಗೆ ವಿಷಯಕ್ಕೆ ತಾರೀಖು ದಾಟುವ ಮೊದಲೇ ಓನರ್ ಆಂಟಿ ಹತ್ತಿರ ಹೋಗಿ ಮಾತಾಡಿದೆವು. ಎರಡು ತಿಂಗಳು ಅರ್ಧರ್ಧ ತಗೊಂಡರು. ತಾರೀಖು ದಾಟಿದ ಮೇಲೆ ಹೋಗಿದ್ದರೆ ಅದೇ ಆಂಟಿ ಬೇರೆ ಮಾತಾಡುತ್ತಿದ್ದರು, ಬಿಡಿ.

ಇನ್ನು ತಾಯಿ ಕಾರ್ಡ್. ಮುಟ್ಟು ನಿಂತ ಮೂರು ತಿಂಗಳೊಳಗೆ ಆಶಾ ಕಾರ್ಯಕರ್ತೆಗೆ ಹೇಳಿ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ ಈ ಕಾರ್ಡ್ ಮಾಡಿಸಿಕೊಳ್ಳಬೇಕು. ನಮ್ಮಲ್ಲಿ ದೃಷ್ಟಿಯಾಗುತ್ತದೆ ಅಂತ ಐದು ತುಂಬುವವರೆಗೆ ಯಾರಿಗೂ ಹೇಳದ ರೂಢಿ ಇದೆ. ಓಣಿಗೆ ಹೇಳಬೇಡಿ, ಆಶಾ ಅವರಿಗೆ ಹೇಳಿ. ಆ ಕಾರ್ಡ್ ಇದ್ದರೆ ರಕ್ತ ಪರೀಕ್ಷೆ, ಧನುರ್ವಾಯು ಬರದಂತೆ ಕೊಡುವ ಟಿ.ಡಿ. ಇಂಜೆಕ್ಷನ್, ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಎಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಕಬ್ಬಿಣದ ಮಾತ್ರೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ನಾನು ಮೊದಲ ತಿಂಗಳು ಇದೇ ಮಾತ್ರೆಗೆ ಮೆಡಿಕಲ್ ಶಾಪಿನಲ್ಲಿ ದುಡ್ಡು ಕೊಟ್ಟಿದ್ದೆ, ಗೊತ್ತಿಲ್ಲದೆ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ಡಾಕ್ಟರೇ ಉಚಿತವಾಗಿ ನೋಡುತ್ತಾರೆ. 2016ರಿಂದ ನಡೆಯುತ್ತಿದೆ. ಕ್ಯಾಲೆಂಡರಿನಲ್ಲಿ ಏಕಾದಶಿಗೆ ಗುರುತು ಹಾಕಿದ ಹಾಗೆ ಆ 9ಕ್ಕೂ ಒಂದು ಗುರುತು ಹಾಕಿಡಿ.

ಊಟದ್ದೂ ಅಷ್ಟೇ. 2017ರಿಂದ ಮಾತೃಪೂರ್ಣ ಅಂತ ಯೋಜನೆ ಇದೆ. ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಮಧ್ಯಾಹ್ನ ಬಿಸಿಯೂಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಅಲ್ಲಿಗೆ ಹೋಗಿ ಉಣ್ಣುವುದಕ್ಕೆ ಕೆಲವರಿಗೆ ಒಂಥರಾ ಸಂಕೋಚ. ನನ್ನ ಸರದಿಯಲ್ಲಿ ಲಾಕ್‌ಡೌನ್ ಇದ್ದಿದ್ದರಿಂದ ರೇಷನ್ನು ಮನೆಗೇ ಬಂತು, ನನ್ನ ಸಂಕೋಚ ಉಳಿಯಿತು.

ಮೊದಲ ಹೆರಿಗೆಗೆ ಕೇಂದ್ರ ಸರ್ಕಾರದ ಮಾತೃವಂದನಾ ಯೋಜನೆಯಲ್ಲಿ 5,000 ರೂಪಾಯಿ ಬರುತ್ತದೆ. ನಾನಿದ್ದಾಗ ಮೂರು ಕಂತಿತ್ತು. ಈಗ ಎರಡೇ: ಬಸುರಿ ಅಂತ ಹೆಸರು ಬರೆಸಿ ತಪಾಸಣೆ ಆದಮೇಲೆ 3,000, ಮಗುವಿನ ಜನನ ನೋಂದಣಿ ಮಾಡಿಸಿ ಮೂರೂವರೆ ತಿಂಗಳ ತನಕದ ಲಸಿಕೆ ಹಾಕಿಸಿದ ಮೇಲೆ 2,000. ಎರಡನೆಯದು ಹೆಣ್ಣಾದರೆ 6,000 ಒಟ್ಟಿಗೆ. ಬಿ.ಪಿ.ಎಲ್. ಕಾರ್ಡ್ ಇದ್ದವರಿಗೆ ಸಿಗುತ್ತದೆ, ಅರ್ಜಿಯನ್ನು ಅಂಗನವಾಡಿಯಲ್ಲೇ ಕೊಡಬಹುದು. ನನಗೆ ಇದು ಕೈಸೇರಿದ್ದು ಮಗು ಕೂರಲು ಕಲಿತ ಮೇಲೆ. ಯಾಕೆ ಗೊತ್ತಾ? ಆಧಾರ್‌ನಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಇನಿಷಿಯಲ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು. ಖಾತೆಗೆ ಆಧಾರ್ ಜೋಡಣೆ ಆಗಿದೆ ಅಂತ ಬ್ಯಾಂಕಿನವರು ಎರಡು ಸಲ ಹೇಳಿದರು, ಆಗಿರಲೇ ಇಲ್ಲ. ಏಳು ತಿಂಗಳ ಹೊಟ್ಟೆ ಹೊತ್ತು, ಮಾಸ್ಕ್ ಹಾಕಿಕೊಂಡು, ಬ್ಯಾಂಕಿನ ಹೊರಗೆ ಸುಣ್ಣದಲ್ಲಿ ಬರೆದ ಸೊನ್ನೆಯೊಳಗೆ ನಿಂತಿದ್ದು ಇನ್ನೂ ನೆನಪಿದೆ. ಮೂರನೇ ತಿಂಗಳಲ್ಲೇ ಈ ಕೆಲಸ ಮುಗಿಸಿಕೊಳ್ಳಿ. ಆಗ ಕಾಲು ಊದಿರುವುದಿಲ್ಲ.

ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರಿಗೆ ಒಂದು ಮಾತು. ಸಂಬಳದಲ್ಲಿ ಇ.ಎಸ್.ಐ., ಅಂದರೆ ಕಾರ್ಮಿಕರ ವಿಮೆಯ ದುಡ್ಡು, ಕಟ್ ಆಗುತ್ತಿದ್ದರೆ 26 ವಾರ ಹೆರಿಗೆ ರಜೆಗೆ ದುಡ್ಡು ಬರುತ್ತದೆ. 2017ಕ್ಕೆ ಮೊದಲು 12 ವಾರ ಇತ್ತು. ಆದರೆ ಹಿಂದಿನ ತಿಂಗಳುಗಳಲ್ಲಿ ಇಷ್ಟು ದಿನದ ಹಾಜರಿ ಇರಬೇಕು ಅನ್ನುವ ನಿಯಮ ಇದೆ. ವಾಂತಿ ಜಾಸ್ತಿ ಅಂತ ಸುಮ್ನೆ ಕೆಲಸ ಬಿಡುವ ಮೊದಲು ಒಮ್ಮೆ ವಿಚಾರಿಸಿ.

ಈಗ ಸಾಲದ ಕಥೆಗೆ ಬರುತ್ತೇನೆ. ಇದು ನನ್ನದಲ್ಲ, ನನ್ನ ತಮ್ಮನದು. ನಮ್ಮ ತವರು ಚಳ್ಳಕೆರೆ ಕಡೆ, ಶೇಂಗಾ ಬೆಳೆಯುವ ಊರು. 2023ರಲ್ಲಿ ಮಳೆ ಕೈಕೊಟ್ಟಿತು. ಆ ವರ್ಷ ರಾಜ್ಯದಲ್ಲಿ 223 ತಾಲ್ಲೂಕುಗಳನ್ನು ಬರ ಅಂತ ಘೋಷಿಸಿದ್ದರು, ಕೇಳಿರುತ್ತೀರಿ. ತಮ್ಮನ ಶೇಂಗಾ ಬಳ್ಳಿ ಕಿತ್ತರೆ ಬರೀ ಬೇರು, ಕಾಯಿ ಇಲ್ಲ. ಅದೇ ವರ್ಷ ಅವನ ಹೆಂಡತಿಗೆ ದಿನ ತುಂಬಿತ್ತು. ನಡುರಾತ್ರಿ ನೋವು ಶುರುವಾದಾಗ ಮನೆಯಲ್ಲಿದ್ದಿದ್ದು 400 ರೂಪಾಯಿ. ಗಾಬರಿಯಲ್ಲಿ ಊರಿನ ಒಬ್ಬರ ಬಾಗಿಲು ತಟ್ಟಿ 20,000 ತಂದ. ಮೂರು ರೂಪಾಯಿ ಬಡ್ಡಿ, ಅಂದರೆ ನೂರಕ್ಕೆ ತಿಂಗಳಿಗೆ ಮೂರು.

ಹೆರಿಗೆ ಸರ್ಕಾರಿ ಆಸ್ಪತ್ರೆಯಲ್ಲೇ ಆಯ್ತು. ನಾರ್ಮಲ್. ಅಲ್ಲಿ ಬಿಲ್ ಏನೂ ಇಲ್ಲ. ಹಾಗಾದರೆ 20,000 ಎಲ್ಲಿ ಹೋಯಿತು? ನಾನು ಪುಸ್ತಕದ ಚಟದವಳಲ್ವಾ, ಕೂರಿಸಿಕೊಂಡು ಬರೆಸಿದೆ. ರಾತ್ರಿ ಬಾಡಿಗೆ ಕಾರಿಗೆ 2,500. ವಾರ್ಡಿನಲ್ಲಿ "ಗಂಡು ಮಗು" ಅಂತ ಬಂದು ಹೇಳಿದವರಿಗೆ, ಸ್ನಾನ ಮಾಡಿಸಿದವರಿಗೆ, ಗೇಟಿನಲ್ಲಿ ನಿಂತವರಿಗೆ ಎಲ್ಲ ಸೇರಿ 2,000. ನೋಡಲು ಬಂದ ನೆಂಟರ ಊಟ ತಿಂಡಿಗೆ ಒಂದೂವರೆ ಸಾವಿರ. ಉಳಿದದ್ದೆಲ್ಲ ತೊಟ್ಟಿಲು ಶಾಸ್ತ್ರದ ಊಟಕ್ಕೆ. ಕೈಯಲ್ಲಿ ಹೇಗೂ ದುಡ್ಡು ಇತ್ತಲ್ಲ, ಊರು ಕರೆದರು. ತಿಂಗಳಿಗೆ 600 ಬಡ್ಡಿ. ಹತ್ತು ತಿಂಗಳಿಗೆ 6,000 ಕಟ್ಟಿದ, ಅಸಲು ಹಾಗೇ ಇತ್ತು. ಅದೇ ಹೆಂಡತಿಯ ಬೆಂಡೋಲೆ ಬ್ಯಾಂಕಿನಲ್ಲಿ ಇಟ್ಟಿದ್ದರೆ ಆ ಹತ್ತು ತಿಂಗಳಿಗೆ ಸುಮಾರು 1,700 ಆಗುತ್ತಿತ್ತು. ಆದರೆ ನಡುರಾತ್ರಿ ಬ್ಯಾಂಕ್ ತೆರೆದಿರುವುದಿಲ್ಲ. ಬಡ್ಡಿಯವರ ಬಾಗಿಲು ಮಾತ್ರ ತೆರೆದಿರುತ್ತದೆ. ಮೊದಲೇ ಸ್ವಲ್ಪ ಕೂಡಿಡಿ ಅಂತ ನಾನು ಹುಡುಗಿಯರನ್ನು ಕಾಡುವುದು ಆ ಒಂದು ರಾತ್ರಿಗಾಗಿ.

2011ರಿಂದ ಜನನಿ ಶಿಶು ಸುರಕ್ಷಾ ಅಂತ ಕಾರ್ಯಕ್ರಮ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆದರೂ ಸರಿ, ಔಷಧಿ, ರಕ್ತ, ಪರೀಕ್ಷೆ, ಊಟ ಉಚಿತ. ನಾರ್ಮಲ್ ಆದರೆ 3 ದಿನ, ಸಿಸೇರಿಯನ್ ಆದರೆ 7 ದಿನದ ಊಟ. ಹೋಗಲು 108, ವಾಪಸ್ ಮನೆಗೆ ಬಿಡಲು ನಗು ಮಗು ಗಾಡಿ. ಬಡವರಿಗೆ ಜನನಿ ಸುರಕ್ಷಾ ಅನ್ನುವ ಇನ್ನೊಂದು ಯೋಜನೆಯಲ್ಲಿ ಹಳ್ಳಿಯಾದರೆ 700, ಪಟ್ಟಣವಾದರೆ 600 ಕೈಗೂ ಬರುತ್ತದೆ. ಯಾರಾದರೂ ದುಡ್ಡು ಕೇಳಿದರೆ 104ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಹೀಗೆ ಹೇಳುವುದು ಸುಲಭ, ನನಗೂ ಗೊತ್ತು. ಮಗಳು ಒಳಗೆ ನೋವು ತಿನ್ನುತ್ತಿರುವಾಗ ಬಾಗಿಲಲ್ಲಿ ನಿಂತ ಆಯಾ ಕೈಚಾಚಿದರೆ ಯಾವ ತಾಯಿ ಫೋನ್ ತೆಗೆಯುತ್ತಾಳೆ? ನನ್ನ ಅವ್ವನೂ 500 ಕೊಟ್ಟಳು. ಪುಸ್ತಕದಲ್ಲಿ ಅದನ್ನು ಎಡಕ್ಕೂ ಬರೆದಿಲ್ಲ, ಬಲಕ್ಕೂ ಬರೆದಿಲ್ಲ. ಅಂಚಿನಲ್ಲಿ ಬರೆದಿದ್ದೇನೆ.

ಖಾಸಗಿ ಆಸ್ಪತ್ರೆಗೆ ಹೋಗುವವರು ಏಳನೇ ತಿಂಗಳಲ್ಲೇ ಕೇಳಿಕೊಳ್ಳಿ: ಪ್ಯಾಕೇಜಿನಲ್ಲಿ ಏನೇನು ಸೇರಿದೆ, ಔಷಧಿ ಬೇರೆಯಾ, ಮಗುವನ್ನು ಐ.ಸಿ.ಯು.ನಲ್ಲಿ ಇಟ್ಟರೆ ದಿನಕ್ಕೆಷ್ಟು. ಚೀಟಿಯಲ್ಲಿ ಬರೆಸಿಕೊಳ್ಳಿ.

ಕುಬಸದ, ಅಂದರೆ ಸೀಮಂತದ, ಬಗ್ಗೆ ಹೇಳದಿದ್ದರೆ ನಮ್ಮತ್ತೆ ಬೈತಾರೆ. ಐದನೇ ತಿಂಗಳಲ್ಲಿ ಕುಬಸ ಮಾಡಬೇಕು, ತವರಿನಿಂದ ಸೀರೆ, ಕಣ, ಬುತ್ತಿ ಬರಬೇಕು, ಐವತ್ತು ಜನ ಉಣ್ಣಬೇಕು. ನನಗೆ ಬಂದಿದ್ದು ಲಾಕ್‌ಡೌನ್. ಅವ್ವ ಚಳ್ಳಕೆರೆ ಕಡೆ ಸಿಕ್ಕಿಕೊಂಡಳು. ಬಳೆ ಅಂಗಡಿ ಮುಚ್ಚಿತ್ತು. ನಮ್ಮತ್ತೆ ತಮ್ಮ ಕೈಯಿಂದ ಹಸಿರು ಗಾಜಿನ ಬಳೆ ಒಂದೊಂದೇ ಬಿಚ್ಚಿ, ಸೋಪು ಹಚ್ಚಿ ನನ್ನ ಕೈಗೆ ಏರಿಸಿದರು. ಎರಡು ಒಡೆದವು. ಓಣಿಯ ಐದು ಮುತ್ತೈದೆಯರು ದೂರ ದೂರ ನಿಂತು ಆರತಿ ಮಾಡಿ, ಶೇಂಗಾ ಹೋಳಿಗೆ ತಿಂದು ಹೋದರು. ಆ ದಿನದ ಖರ್ಚು 640 ರೂಪಾಯಿ. ಉಳಿಯಿತು ಅಂತ ನನಗೇನೂ ಖುಷಿ ಆಗಲಿಲ್ಲ, ಅತ್ತುಬಿಟ್ಟೆ. ಶಾಸ್ತ್ರ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಸಾಲ ಮಾಡಿ ಊರು ಕರೆಯಬೇಡಿ ಅಂತ ಮಾತ್ರ ಹೇಳುತ್ತೇನೆ.

ಕೂಸಿನ ಸಾಮಾನಿಗೆ ಹೆಚ್ಚು ಹೊತ್ತು ಬೇಡ. ತೊಳೆದು ತೊಳೆದು ಮೆತ್ತಗಾದ ಹಳೇ ಕಾಟನ್ ಸೀರೆ, ಪಂಚೆಗಿಂತ ಒಳ್ಳೆ ಬಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲ. ಕುಲಾವಿ ನಾನೇ ಹೊಲಿದೆ. ಕೌದಿ ಅತ್ತೆಯದು. ತೊಟ್ಟಿಲು ನಾದಿನಿ ಮನೆಯಿಂದ ಬಂತು, ಆಮೇಲೆ ಇನ್ನೂ ಮೂರು ಮನೆ ತಿರುಗಿದೆ. ಅಂಟಿನುಂಡೆಗೆ ಕೊಬ್ಬರಿ, ಉತ್ತುತ್ತಿ, ಅಂಟು ಮಾತ್ರ ದುಡ್ಡು ಕೊಟ್ಟು ತಂದಿದ್ದು. ಅದು ಎಡಗಡೆ ಪುಟ.

ದುಡ್ಡು ಕೂಡಿಟ್ಟಿದ್ದು ಸಾಸಿವೆ ಡಬ್ಬಿಯಲ್ಲಿ. ಆಗ ಎಲ್ಲರಿಗೂ ಮಾಸ್ಕ್ ಬೇಕಿತ್ತು. ಒಂದು ಹೊಲಿದರೆ 3 ರೂಪಾಯಿ ಕೂಲಿ. ಬಟ್ಟೆ ಕತ್ತರಿಸುವುದು ಇವರು, ಹೊಲಿಯುವುದು ನಾನು. ಹೊಟ್ಟೆ ಮಷಿನ್ನಿಗೆ ತಾಗುವವರೆಗೆ ಹೊಲಿದೆ. ಎಂಟು ತುಂಬುವಷ್ಟರಲ್ಲಿ ಡಬ್ಬಿಯಲ್ಲಿ 5,800 ಆಗಿತ್ತು. ಅದರ ಜೊತೆಗೇ ತಾಯಿ ಕಾರ್ಡ್, ಆಧಾರ್, ರೇಷನ್ ಕಾರ್ಡಿನ ಜೆರಾಕ್ಸ್ ಇಟ್ಟು ಒಂದು ಬ್ಯಾಗ್ ಬಾಗಿಲ ಹಿಂದೆ ತೂಗುಹಾಕಿದ್ದೆ.

ಆಗಸ್ಟ್ ಕೊನೆಗೆ, ಬೆಳಗಿನ ಜಾವ 108 ಬಂತು. ಮೆಟ್ಟಿಲು ಇಳಿಯುವಾಗ ಪಕ್ಕದ ಮನೆ ಅಜ್ಜಿ ಸೆರಗಿನ ಗಂಟು ಬಿಚ್ಚಿ ನೂರರ ಐದು ನೋಟು ನನ್ನ ಮುಷ್ಟಿಯಲ್ಲಿ ತುರುಕಿದರು. ಬೇಡ ಅನ್ನಲು ಆಗಲಿಲ್ಲ, ನೋವು ಹಾಗಿತ್ತು. ಪುಸ್ತಕದಲ್ಲಿ ಬರೆದುಕೊಂಡೆ: ಅಜ್ಜಿಗೆ ಕೊಡಬೇಕು, 500. ಮೂರು ತಿಂಗಳ ಬಾಣಂತನ ಮುಗಿಸಿ, ಕೂಸನ್ನು ಎತ್ತಿಕೊಂಡು ಕೊಡಲು ಹೋದೆ. ಅಜ್ಜಿ ದುಡ್ಡಿನ ಕಡೆ ನೋಡಲೂ ಇಲ್ಲ. "ಇನ್ನೊಂದು ಆಗ್ಲಿ ಬಿಡವ್ವ, ಎರಡೂ ಸೇರ್ಸಿ ಕೊಡುವಂತಿ" ಅಂದರು.

ಇನ್ನೊಂದು ಆಗಲಿಲ್ಲ. ಆ 500ಕ್ಕೆ ಇನ್ನೂ ಗೀಟು ಹೊಡೆದಿಲ್ಲ.

ನಮಸ್ಕಾರ.