ಪದಕದ ಅಂಚು

ಕೇಳುಗರಿಗೆ ನಮಸ್ಕಾರ. ಕೊಡಗಿನವರಿಗೆ ಪದಕ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಎಷ್ಟೋ ಐನ್‌ಮನೆಗಳ ಗೋಡೆಯಲ್ಲಿ ಸಮವಸ್ತ್ರ ತೊಟ್ಟ ಅಜ್ಜನ ಫೋಟೊ ಇರುತ್ತದೆ, ಜೊತೆಗೆ ನಾಲ್ಕಾರು ಪದಕ. ಹೆಚ್ಚಿನವು ಭೂಸೇನೆಯವು. ಕಡಲೇ ಇಲ್ಲದ ಈ ಜಿಲ್ಲೆಯಲ್ಲಿ ಕೂತು ನಾನು ನೌಕಾಪಡೆಯ ಪದಕಗಳ ಹಿಂದೆ ಬಿದ್ದದ್ದು ನಮ್ಮವರಿಗೆ ಇವತ್ತಿಗೂ ತಮಾಷೆ.

ಸಂಗ್ರಹಕಾರರು ಬಹಳ ಆಸೆಪಡುವ ಬ್ರಿಟಿಷ್ ಪದಕವೊಂದಿದೆ, ನೇವಲ್ ಜನರಲ್ ಸರ್ವಿಸ್ ಮೆಡಲ್. ಬೆಳ್ಳಿಯದು. ಒಂದು ಬದಿಗೆ ವಿಕ್ಟೋರಿಯಾ ರಾಣಿಯ ಮುಖ, ಇನ್ನೊಂದು ಬದಿಗೆ ತ್ರಿಶೂಲ ಹಿಡಿದು ಕಡಲಗುದುರೆ ಏರಿದ ಬ್ರಿಟಾನಿಯಾ. 1793ರಿಂದ 1840ರವರೆಗಿನ ಕದನಗಳಿಗೆ ಇದನ್ನು ಮಂಜೂರು ಮಾಡಿದ್ದು ಯಾವಾಗ ಗೊತ್ತೆ? 1847ರಲ್ಲಿ! ಅದೂ ಅಲ್ಲಿಯವರೆಗೆ ಬದುಕಿದ್ದು ಅರ್ಜಿ ಹಾಕಿದವರಿಗೆ. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರಿನಲ್ಲಿ ಫಿರಂಗಿಗೆ ಮದ್ದು ಹೊತ್ತ ಹುಡುಗರೂ ಅಷ್ಟರಲ್ಲಿ ಐವತ್ತು ದಾಟಿದ್ದರು.

ಅದೇ ಕದನದಲ್ಲಿ ಡಿಫಯನ್ಸ್ ಹಡಗಿನಲ್ಲಿದ್ದ ಜೇನ್ ಟೌನ್ಸೆಂಡ್ ಎಂಬಾಕೆಯೂ ಅರ್ಜಿ ಹಾಕಿದರು. ಹೆಂಗಸರಿಗೆ ಕೊಟ್ಟರೆ ಅರ್ಜಿಗಳ ರಾಶಿಯೇ ಬಂದೀತೆಂದು ಕೊಡಲಿಲ್ಲ. ಆದರೆ 1794ರ ಜೂನ್ 1ರ ಕದನದ ಹೊತ್ತಿಗೆ ಟ್ರೆಮೆಂಡಸ್ ಹಡಗಿನಲ್ಲೇ ಹುಟ್ಟಿದ ಡೇನಿಯಲ್ ಮೆಕೆಂಜಿಗೆ ಪದಕ ಸಿಕ್ಕಿತು. ದಾಖಲೆಯಲ್ಲಿ ಅವನ ಹುದ್ದೆ ‘ಮಗು’! ಅವನನ್ನು ಹೆತ್ತವಳು ಕೇಳಿದ್ದರೆ ಸಿಗುತ್ತಿರಲಿಲ್ಲ, ನೋಡಿ.

ಇಂಥದ್ದು ಕೈಗೆ ಬಂದರೆ ಮೊದಲು ಅಂಚು ನೋಡಬೇಕು. ಪಡೆದವನ ಹೆಸರು ಅಲ್ಲಿ ಅಚ್ಚಾಗಿರುತ್ತದೆ, ಹಡಗಿನ ಹೆಸರು ಇರುವುದಿಲ್ಲ. ಹಡಗಿನ ಹಾಜರಿ ಪುಸ್ತಕಗಳ ಜೊತೆ ತಾಳೆ ನೋಡಿಯೇ ಆಳನ್ನು ಹಿಡಿಯಬೇಕು. ಜಾನ್ ಸ್ಮಿತ್ ಎಂದಿದ್ದರೆ ನಿಮ್ಮ ಹಣೆಬರಹ. ಹಳೆಯ ಹೆಸರು ಅರೆದು ಬೆಲೆಬಾಳುವ ಹೆಸರು ಕೊರೆಯುವವರೂ ಇದ್ದಾರೆ. ಅರೆದ ಪದಕದ ಸುತ್ತಳತೆ ತುಸು ಕಡಿಮೆಯಾಗುತ್ತದೆ, ಅಳೆದರೆ ಸಿಕ್ಕಿಬೀಳುತ್ತದೆ. ಇನ್ನು ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮ 1971ರ ಸಂಗ್ರಾಮ ಪದಕ ಧಾರಾಳವಾಗಿ ಹಂಚಿದ್ದು, ಅದಕ್ಕೇ ವ್ಯಾಪಾರಿಗಳಿಗೆ ಅದರ ಮೇಲೆ ಅಸಡ್ಡೆ. ನಾನು ಒಪ್ಪುವುದಿಲ್ಲ. ಆ ವರ್ಷ ಡಿಸೆಂಬರ್ 9ರ ರಾತ್ರಿ ದಿಯು ಬಳಿ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ನಮ್ಮ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ತೀರಿಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಆ ಯುದ್ಧದಲ್ಲಿದ್ದ ನಾವಿಕರ ಪದಕ ನಿಮ್ಮ ಮನೆಯಲ್ಲಿದ್ದರೆ, ಅವರು ಯಾವ ಹಡಗಿನಲ್ಲಿದ್ದರೆಂದು ಬಲ್ಲ ಹಿರಿಯರನ್ನು ಈಗಲೇ ಕೇಳಿ, ಒಂದು ಚೀಟಿಯಲ್ಲಿ ಬರೆದು ಪದಕದ ಜೊತೆಗೇ ಇಡಿ. ನಮಸ್ಕಾರ.